ಅಪ್ಪಾಜಿ ಕಾಲಿನ ಗಾಯಕ್ಕೆ ಕೊಲಾಜೆನ್ ಶೀಟ್ ಹಾಕಬೇಕಂತೆ. ದನದ ತೊಗಲಿನದು ಅಂತ ಕೇಳಿ ಬೇಡ ಅಂದುಬಿಟ್ಟರು. ಏನು ಮಾಡಲಿ?

ಘಟಪ್ರಭಾ ದಂಡೆ · ಸೋಮವಾರ ರಾತ್ರಿ 9:40

ಎಲ್ಲರಿಗೂ ಶರಣು. ನಮ್ಮೂರು ಜಮಖಂಡಿ ಹತ್ತಿರ. ಅಪ್ಪಾಜಿಗೆ 64 ವರ್ಷ, ಶುಗರ್ ಬಂದು 15 ವರ್ಷ ಆಯಿತು. ಪ್ರತಿ ವರ್ಷ ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ. ಈ ಸಲ ಬೇಡ ಅಂತ ಅವ್ವ, ನಾನು, ತಂಗಿ ಮೂವರೂ ಹೇಳಿದೆವು. ಕೇಳಲಿಲ್ಲ. ಬಲಗಾಲಿನ ಅಂಗಾಲಲ್ಲಿ, ಹೆಬ್ಬೆರಳಿನ ಬುಡಕ್ಕೆ ಗುಳ್ಳೆ ಎದ್ದಿದೆ. ಕಾಲಿಗೆ ಸ್ಪರ್ಶ ಕಡಿಮೆ, ಅವರಿಗೆ ಗೊತ್ತೇ ಆಗಿಲ್ಲ. ಮನೆಗೆ ಬಂದು ಸಾಕ್ಸ್ ತೆಗೆಯಲು ಹೋದರೆ ಸಾಕ್ಸ್ ಗಾಯಕ್ಕೆ ಅಂಟಿಕೊಂಡಿತ್ತು. ಅವ್ವ ಬಿಸಿನೀರು ಹಾಕಿ ನೆನೆಸಿ ತೆಗೆದಳು.

ಆಮೇಲೆ ಎರಡು ತಿಂಗಳು ಒಂದು ಆಸ್ಪತ್ರೆಗೆ ಅಲೆದೆವು. ದಿನಾ ಡ್ರೆಸ್ಸಿಂಗ್, ದಿನಾ ಆ್ಯಂಟಿಬಯೋಟಿಕ್. ಕೀವು ನಿಂತಿದೆ, ಗಾಯ ಮಾತ್ರ ಮಾಯುತ್ತಿಲ್ಲ. ಈಗ ಅಲ್ಲಿನ ಡಾಕ್ಟರು "ಕೊಲಾಜೆನ್ ಶೀಟ್ ಹಾಕೋಣ, ಮಾಂಸ ತುಂಬುತ್ತದೆ" ಅಂದರು. ಅಪ್ಪಾಜಿ ಸುಮ್ನೆ ಇರದೆ "ಅದನ್ನು ಯಾತರಿಂದ ಮಾಡುತ್ತಾರ್ರೀ?" ಅಂತ ಕೇಳಿದರು. ಡಾಕ್ಟರು ಪಾಪ ಸುಳ್ಳು ಹೇಳಲಿಲ್ಲ. ಅಲ್ಲಿಗೆ ಮುಗೀತು. ಲಿಂಗ ಕಟ್ಟಿಕೊಂಡ ಮೈ, ದನದ ತೊಗಲು ಒಳಗೆ ಸೇರಿಸಿಕೊಳ್ಳುವುದಿಲ್ಲ ಅಂತ ಎದ್ದು ಬಂದರು.

ನನ್ನ ಪ್ರಶ್ನೆ ಎರಡೇ. ಈ ಶೀಟು ನಿಜವಾಗಿ ಕೆಲಸ ಮಾಡುತ್ತದಾ? ದನದ್ದಲ್ಲದ ಬೇರೆ ಏನಾದರೂ ಇದೆಯಾ?

ಗೋಳಗುಮ್ಮಟದ ನೆರಳು · ರಾತ್ರಿ 9:52

ಕಾಲಿಗಿಂತ ದೊಡ್ಡದೇನ್ರೀ ಅದು? ಹಾಕಿಸಿಬಿಡಿ. ಒಪ್ಪಿಸೋದು ನಿಮ್ಮ ಕೆಲಸ.

ಹುಕ್ಕೇರಿ ಹುಡುಗ · ರಾತ್ರಿ 9:58

ಮೊದಲನೇ ಕಾಮೆಂಟೇ ಹೀಗಾ! ಅವರ ನಂಬಿಕೆ ಅವರದು. ಕೇಳಿದ್ದಕ್ಕೆ ಉತ್ತರ ಇದ್ದರೆ ಹೇಳಿ.

ಡ್ರೆಸ್ಸಿಂಗ್ ಅಕ್ಕ · ರಾತ್ರಿ 10:15

ನಾನು ಬೆಳಗಾವಿಯಲ್ಲಿ 18 ವರ್ಷದಿಂದ ನರ್ಸ್. ಮಧುಮೇಹದ ಕಾಲಿನ ಗಾಯ ದಿನಾ ನೋಡುತ್ತೇನೆ. ತಮ್ಮಾ, ಶೀಟಿನ ಮಾತು ಆಮೇಲೆ. ಮೊದಲು ನಾನು ಕೇಳಿದ್ದಕ್ಕೆ ಹೇಳು.

ಅಪ್ಪಾಜಿ ಈಗಲೂ ಆ ಕಾಲು ಊರಿ ಓಡಾಡುತ್ತಾರಾ? ಹೊಲಕ್ಕೆ ಹೋಗುತ್ತಾರಾ? ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿದೆಯಾ ಅಂತ ಡಾಪ್ಲರ್ ಮಾಡಿಸಿದ್ದೀರಾ? ಎಕ್ಸ್‌ರೇ ಆಗಿದೆಯಾ? ಗಾಯದ ಅಂಚಿನಲ್ಲಿ ಬಿಳಿ ದಡ್ಡು ಕಟ್ಟಿದೆಯಾ, ಅದನ್ನು ಯಾರಾದರೂ ಕೆತ್ತಿ ತೆಗೆದಿದ್ದಾರಾ? ಮೂರು ತಿಂಗಳ ಶುಗರ್ ಸರಾಸರಿ ಎಷ್ಟು?

ಇಷ್ಟು ಆಗದೆ ಚಿನ್ನದ ಹಾಳೆ ಅಂಟಿಸಿದರೂ ಮಾಯಲ್ಲ.

ಘಟಪ್ರಭಾ ದಂಡೆ · ರಾತ್ರಿ 10:31

ಅಕ್ಕಾ, ಊರಿ ಓಡಾಡುತ್ತಾರೆ. ಹಿಮ್ಮಡಿ ಮೇಲೆ ಭಾರ ಹಾಕಿ ನಡೆಯುತ್ತೇನೆ ಅನ್ನುತ್ತಾರೆ. ಮೊನ್ನೆ ಕಬ್ಬಿಗೆ ನೀರು ಬಿಡಲು ಹೋಗಿದ್ದರು. ಎಕ್ಸ್‌ರೇ ಆಗಿದೆ, ಎಲುಬಿಗೆ ಹೋಗಿಲ್ಲ ಅಂದರು. ಡಾಪ್ಲರ್ ಯಾರೂ ಹೇಳಿಲ್ಲ. ದಡ್ಡು ಇದೆ. ಸರಾಸರಿ 9.6, ಜಾಸ್ತಿಯೇ.

ಡ್ರೆಸ್ಸಿಂಗ್ ಅಕ್ಕ · ರಾತ್ರಿ 10:34

ಕಬ್ಬಿಗೆ ನೀರು!! ಶಿವನೇ.

ಎರಡನೇ ವರ್ಷದ ಪೀಜಿ · ರಾತ್ರಿ 11:20

ಸರ್ಜರಿ ಪೀಜಿ ಮಾಡುತ್ತಿದ್ದೇನೆ. ಡ್ಯೂಟಿ ಮಧ್ಯೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹಿರಿಯರು ತಿದ್ದಿ. ಅಕ್ಕ ಹೇಳಿದ್ದು ನೂರಕ್ಕೆ ನೂರು. ಅದರ ಮೇಲೆ, ಈ ಶೀಟು ಏನು ಮಾಡುತ್ತದೆ ಅಂತ ಹೇಳುತ್ತೇನೆ.

ಹಿತ್ತಲಲ್ಲಿ ಹೀರೆ ಬಳ್ಳಿ ಹಬ್ಬಿಸಲು ಹಂದರ ಹಾಕುತ್ತೀರಲ್ಲ, ಅದೇ ಲೆಕ್ಕ. ಹಂದರ ತಾನು ಬೆಳೆಯಲ್ಲ, ಹೀರೆಕಾಯಿ ಬಿಡಲ್ಲ. ಬಳ್ಳಿಗೆ ಹಿಡಿದುಕೊಳ್ಳಲು ಏನಾದರೂ ಬೇಕು, ಅಷ್ಟೇ. ನಮ್ಮ ಚರ್ಮದ ಕೆಳಗಿನ ಪದರದಲ್ಲಿ ಕೊಲಾಜೆನ್ ಎನ್ನುವ ಪ್ರೋಟೀನಿನ ನಾರು ಹೆಣೆದುಕೊಂಡಿರುತ್ತದೆ. ಮೈಯಲ್ಲಿರುವ ಒಟ್ಟು ಪ್ರೋಟೀನಿನಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಇದೇ. ಗಾಯದಲ್ಲಿ ಆ ಹೆಣಿಗೆ ಹೋಗಿರುತ್ತದೆ. ಹೊರಗಿನಿಂದ ಒಂದು ಹಂದರ ಕೊಟ್ಟರೆ ಅಕ್ಕಪಕ್ಕದ ಜೀವಕೋಶಗಳು ಅದರ ತೂತುಗಳೊಳಗೆ ತೆವಳಿಕೊಂಡು ಬಂದು ಕೂರುತ್ತವೆ, ಹಿಂದೆಯೇ ಸಣ್ಣ ರಕ್ತನಾಳ ಬರುತ್ತವೆ. ಅವು ತಮ್ಮದೇ ಕೊಲಾಜೆನ್ ನೇಯುತ್ತಾ ಹೋದ ಹಾಗೆ ಹೊರಗಿನ ಹಂದರ ಕರಗುತ್ತದೆ. ಕೊನೆಗೆ ಉಳಿಯುವುದು ನಿಮ್ಮ ಮಾಂಸವೇ.

ತಿಂಗಳುಗಟ್ಟಲೆ ಮಾಯದ ಗಾಯದಲ್ಲಿ ಇನ್ನೊಂದು ತೊಂದರೆ ಇದೆ. ಹೊಸ ಕೊಲಾಜೆನ್ ಅನ್ನು ಕತ್ತರಿಸಿ ಹಾಕುವ ಕಿಣ್ವಗಳು ಅಲ್ಲಿ ಜಾಸ್ತಿ ಇರುತ್ತವೆ. ಹೊರಗಿನ ಶೀಟು ಇದ್ದರೆ ಅವು ಅದನ್ನು ತಿನ್ನುತ್ತಾ ಕೂರುತ್ತವೆ, ಒಳಗಿನ ಹೊಸದು ಉಳಿದುಕೊಳ್ಳುತ್ತದೆ. ಹೊಲದ ಬದುವಿಗೆ ಹುಲ್ಲು ಬಿಟ್ಟರೆ ದನ ಬೆಳೆಗೆ ಬಾಯಿ ಹಾಕಲ್ಲ, ಹಾಗೆ.

ಇದೇನು ನಿನ್ನೆ ಮೊನ್ನೆಯ ಮಾತಲ್ಲ. ಅಮೆರಿಕದಲ್ಲಿ ಯಾನಾಸ್ ಎಂಬ ಎಂಜಿನಿಯರು, ಬರ್ಕ್ ಎಂಬ ಸರ್ಜನ್ ಸೇರಿ ದನದ ಕೊಲಾಜೆನ್ನಿಗೆ ಶಾರ್ಕ್ ಮೀನಿನ ಮೃದ್ವಸ್ಥಿಯ ಸಕ್ಕರೆ ಸರಪಳಿ ಬೆರೆಸಿ, ಮೇಲೆ ಸಿಲಿಕೋನ್ ಪದರ ಹಚ್ಚಿ, ಸುಟ್ಟಗಾಯದವರಿಗೆ ಹಾಕಿದ್ದು 1981ರಲ್ಲೇ ವರದಿಯಾಗಿದೆ. 1996ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ ಸಿಕ್ಕಿತು.

ಅಥಣಿ ಅಟ್ಟೆ · ಮಂಗಳವಾರ ಬೆಳಿಗ್ಗೆ 6:10

ನಾವು ಚಪ್ಪಲಿ ಮಾಡುವವರು, ಅಜ್ಜನ ಕಾಲದಿಂದ. ಪೀಜಿ ಸಾಹೇಬರು ಕೊಲಾಜೆನ್ ಅಂದದ್ದು ನಮಗೆ ತೊಗಲು. ಹೆಸರು ಗೊತ್ತಿರಲಿಲ್ಲ, ಮಾಲು ಗೊತ್ತು.

ಹಸಿ ತೊಗಲು ಹಾಗೇ ಬಿಟ್ಟರೆ ಮೂರು ದಿನಕ್ಕೆ ನಾರುತ್ತದೆ. ಕುದಿಸಿದರೆ ಅಂಟಾಗುತ್ತದೆ. ಅದಕ್ಕೇ ಸುಣ್ಣದ ನೀರಲ್ಲಿ ಹಾಕಿ ಕೂದಲು ತೆಗೆದು, ಜಾಲಿ ತೊಗಟೆ, ಅಳಲೆಕಾಯಿ ರಸದಲ್ಲಿ ವಾರಗಟ್ಟಲೆ ನೆನೆಸಿ ಹದ ಮಾಡುತ್ತಾರೆ. ಆಮೇಲೆ ಅದು ಕೊಳೆಯಲ್ಲ. ನಮ್ಮಜ್ಜ ತುಂಡು ಕತ್ತರಿಸಿ ಅಂಚು ನೋಡುತ್ತಿದ್ದ. ನಡುವೆ ಬಿಳಿ ಗೆರೆ ಕಂಡರೆ ರಸ ಒಳಗೆ ಇಳಿದಿಲ್ಲ ಅಂತ ಮತ್ತೆ ತೊಟ್ಟಿಗೆ ಹಾಕುತ್ತಿದ್ದ.

ನನ್ನ ಪ್ರಶ್ನೆ, ಗಾಯಕ್ಕೆ ಹಾಕುವುದನ್ನೂ ಹದ ಮಾಡುತ್ತಾರಾ?

ಎರಡನೇ ವರ್ಷದ ಪೀಜಿ · ಬೆಳಿಗ್ಗೆ 7:45

ಕಾಕಾ, ಪಾಯಿಂಟಿಗೇ ಬಂದಿರಿ. ಮಾಡುತ್ತಾರೆ, ಆದರೆ ಅರೆಬರೆ. ಅಳಲೆಯ ಒಗರು ನಿಮ್ಮ ತೊಗಲಿನ ನಾರುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಇಲ್ಲಿ ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕವನ್ನು ಸ್ವಲ್ಪವೇ ಹಾಕುತ್ತಾರೆ, ಇಲ್ಲವೇ ಗಾಳಿ ತೆಗೆದು ಬಿಸಿ ಮಾಡುತ್ತಾರೆ. ಪೂರ್ತಿ ಹದ ಮಾಡಿದರೆ ಅದು ಚಪ್ಪಲಿ ಆಗುತ್ತದೆ, ಮೈ ಅದನ್ನು ಕರಗಿಸಲಾರದೆ ಸುತ್ತ ಗೋಡೆ ಕಟ್ಟುತ್ತದೆ. ಹದವೇ ಮಾಡದಿದ್ದರೆ ನಾಲ್ಕು ದಿನಕ್ಕೆ ಕರಗಿ ನೀರು. ಮಾಂಸ ತುಂಬುವ ವೇಗಕ್ಕೆ ಸರಿಯಾಗಿ ಕರಗಬೇಕು. ಎಲ್ಲ ಕಷ್ಟ ಅಲ್ಲೇ.

ತೂತು ಬರಿಸುವುದೂ ಒಂದು ಕಲೆ. ಕೊಲಾಜೆನ್ ಗಂಜಿಯನ್ನು ಹೆಪ್ಪುಗಟ್ಟಿಸಿ, ಒಳಗಿನ ಮಂಜುಹರಳುಗಳನ್ನು ಕರಗಿಸದೆ ನೇರ ಆವಿ ಮಾಡಿ ತೆಗೆಯುತ್ತಾರೆ. ಹರಳು ಇದ್ದ ಜಾಗವೆಲ್ಲ ತೂತು. ಚರ್ಮಕ್ಕೆ 20ರಿಂದ 125 ಮೈಕ್ರಾನ್ ತೂತು ಚೆನ್ನಾಗಿ ಒಗ್ಗುತ್ತದೆ ಅಂತ ಯಾನಾಸರ ತಂಡವೇ ತೋರಿಸಿದ್ದು. ನಮ್ಮ ತಲೆಕೂದಲಿನ ದಪ್ಪ ಸುಮಾರಾಗಿ ಈ ಅಳತೆಯೊಳಗೇ ಬರುತ್ತದೆ.

ಅಥಣಿ ಅಟ್ಟೆ · ಬೆಳಿಗ್ಗೆ 7:58

"ಪೂರ್ತಿ ಹದ ಮಾಡಿದರೆ ಚಪ್ಪಲಿ." ಇದನ್ನು ಅಂಗಡಿಯಲ್ಲಿ ಬರೆದು ಹಾಕುತ್ತೇನೆ.

ಕುಂದಾ ಪ್ರಿಯ · ಬೆಳಿಗ್ಗೆ 8:05

ಅಣ್ಣಾ, ಹೆಸರು ಮಾತ್ರ ಕೊಲ್ಹಾಪುರಿ, ಹೊಲಿಯೋದು ಅಥಣಿ, ನಿಪ್ಪಾಣಿ. ಇದರ ಬಗ್ಗೆ ಯಾರೂ ಮಾತಾಡಲ್ಲ.

ಅಥಣಿ ಅಟ್ಟೆ · ಬೆಳಿಗ್ಗೆ 8:11

2019ರಲ್ಲಿ ಸಿಕ್ಕ ಜಿಐ ಗುರುತಿನಲ್ಲಿ (ಇದು ಇಂಥ ಊರಿನ ಮಾಲು ಅಂತ ಸರ್ಕಾರ ಕೊಡುವ ಗುರುತು) ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಕಡೆಯ ನಾಲ್ಕು ಜಿಲ್ಲೆ ಎರಡೂ ಇವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ. ಗುರುತು ಸಿಕ್ಕಿತು, ಹೆಸರು ಅಲ್ಲೇ ಉಳಿಯಿತು.

ಡ್ರೆಸ್ಸಿಂಗ್ ಅಕ್ಕ · ಬೆಳಿಗ್ಗೆ 8:20

ಚಪ್ಪಲಿ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಕಾಲಿಗೆ ಸ್ಪರ್ಶ ಇಲ್ಲದ ಶುಗರ್‌ನವರು ಈ ಗಟ್ಟಿ ಅಟ್ಟೆಯ, ಹೆಬ್ಬೆರಳಿಗೆ ಉಂಗುಟ ಇರುವ ಚಪ್ಪಲಿ ಹಾಕಲೇಬಾರದು. ಅಥಣಿ ಅಣ್ಣ ಬೇಜಾರು ಮಾಡ್ಕೋಬೇಡಿ.

ಅಥಣಿ ಅಟ್ಟೆ · ಬೆಳಿಗ್ಗೆ 8:24

ಇಲ್ಲ ಅಕ್ಕಾ, ನನ್ನ ಅಂಗಡಿಗೆ ಬಂದ ಶುಗರ್‌ನವರಿಗೆ ನಾನೇ ಬೇಡ ಅನ್ನುತ್ತೇನೆ.

ಇಳಕಲ್ ಮಗ್ಗ · ಬೆಳಿಗ್ಗೆ 9:30

ದಂಡೆಯವರೇ, ರೇಷ್ಮೆಯಿಂದಲೂ ಇಂಥದ್ದು ಮಾಡುತ್ತಾರೆ ಅಂತ ಕೇಳಿದ್ದೇನೆ. ಮಡಿ ಉಡಲು ರೇಷ್ಮೆ ನಡೆಯುತ್ತದೆ ಅಂದಮೇಲೆ ಗಾಯಕ್ಕೂ ನಡೆಯಬೇಕಲ್ಲ?

ನಮ್ಮ ಕಡೆ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಕಚ್ಚಾ ರೇಷ್ಮೆ ಬಂದಾಗ ಮುಟ್ಟಿದರೆ ಒರಟು, ಹೊಳಪೂ ಇಲ್ಲ. ಸೋಡಾ, ಸಾಬೂನು ಹಾಕಿ ಕುದಿಸಬೇಕು. ಆಗ ಮೇಲಿನ ಗೋಂದು ಬಿಡುತ್ತದೆ. ಒಂದು ಕಿಲೋ ಕುದಿಸಿದರೆ ಕೈಗೆ ಮುಕ್ಕಾಲು ಕಿಲೋ ಬರುತ್ತದೆ, ಉಳಿದದ್ದು ನೀರಿಗೆ. ಕುದಿಸಿದ ನೀರು ಬೆರಳಿಗೆ ಲೋಳೆ ಲೋಳೆ ಹತ್ತುತ್ತದೆ. ಚಿಕ್ಕವನಿದ್ದಾಗ ಆ ನೀರಲ್ಲಿ ಕೈ ಆಡಿಸಿ ಬೈಸಿಕೊಂಡಿದ್ದೇನೆ. ಈಗ ಚಮಕಾದ ಹಾವಳಿ, ಅದಕ್ಕೆ ಕುದಿಸುವ ಗೋಜೇ ಇಲ್ಲ.

ಕುಂದಾ ಪ್ರಿಯ · ಬೆಳಿಗ್ಗೆ 9:41

ಚಮಕಾ ಅಂದರೆ?

ಇಳಕಲ್ ಮಗ್ಗ · ಬೆಳಿಗ್ಗೆ 9:44

ನಕಲಿ ರೇಷ್ಮೆ. ಹೊಳೆಯುತ್ತದೆ, ಅಷ್ಟೇ. ಅತ್ತೆಗೆ ಚಮಕಾ ಕೊಟ್ಟು ರೇಷ್ಮೆ ಅಂದರೆ ಒಗೆದ ಮೇಲೆ ಸಿಕ್ಕಿಬೀಳುತ್ತೀರಿ.

ಲ್ಯಾಬ್ ಕೋಟು · ಬೆಳಿಗ್ಗೆ 10:50

ಬೆಳಗಾವಿಯಲ್ಲಿ ಎಂ.ಎಸ್ಸಿ ಬಯೋಟೆಕ್ ಮಾಡುವಾಗ ರೇಷ್ಮೆ ಮೇಲೆಯೇ ಪ್ರಾಜೆಕ್ಟ್ ಮಾಡಿದ್ದೆ. ಮಗ್ಗದಣ್ಣ ಹೇಳಿದ ಗೋಂದಿಗೆ ನಾವು ಸೆರಿಸಿನ್ ಅನ್ನುತ್ತೇವೆ. ಒಳಗಿನ ಎಳೆ ಫೈಬ್ರೋಯಿನ್. ಎರಡೂ ಪ್ರೋಟೀನೇ. ಕಾಲು ಭಾಗ ಹೋಗುತ್ತದೆ ಅಂದರಲ್ಲ, ಪುಸ್ತಕದಲ್ಲೂ ನೂರಕ್ಕೆ 20ರಿಂದ 30 ಅಂತಲೇ ಇದೆ.

ನಾವೂ ಲ್ಯಾಬಿನಲ್ಲಿ ಮಾಡಿದ್ದು ಇದೇ ಕೆಲಸ. ಗೂಡು ಕತ್ತರಿಸಿ ಸೋಡಿಯಂ ಕಾರ್ಬೊನೇಟ್ ಹಾಕಿ ಅರ್ಧ ಗಂಟೆ ಕುದಿಸಿದರೆ ಹತ್ತಿಯಂಥ ಮುದ್ದೆ ಸಿಗುತ್ತದೆ. ಅದನ್ನು ಒಣಗಿಸಿ ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ 60 ಡಿಗ್ರಿಯಲ್ಲಿ ಇಟ್ಟರೆ ಅಷ್ಟು ಗಟ್ಟಿ ರೇಷ್ಮೆ ಜೇನಿನ ಬಣ್ಣದ ಪಾಕ ಆಗುತ್ತದೆ. ಮೊದಲ ಸಲ ನೋಡಿದಾಗ ನಂಬಲಿಲ್ಲ. ಆಮೇಲೆ ಎರಡು ಮೂರು ದಿನ ನೀರಲ್ಲಿಟ್ಟು ಉಪ್ಪು ತೆಗೆಯಬೇಕು. ನನ್ನದು ಎರಡು ಸಲ ಹಾಗೇ ಹೆಪ್ಪಾಗಿ ಹಾಳಾಯಿತು. ಜೋರಾಗಿ ಕಲಕಿದರೆ, ಸೆಕೆ ಜಾಸ್ತಿ ಆದರೆ ಮುನಿಸಿಕೊಳ್ಳುತ್ತದೆ. ಉಳಿದ ಪಾಕದಿಂದ ಹಾಳೆ, ಸ್ಪಂಜು, ಜೆಲ್ ಏನು ಬೇಕಾದರೂ ಮಾಡಬಹುದು. ಕೊನೆಗೆ ಆಲ್ಕೋಹಾಲ್ ಸವರಿದರೆ ಮತ್ತೆ ನೀರಿಗೆ ಕರಗದ ಹಾಗೆ ಗಟ್ಟಿಯಾಗುತ್ತದೆ.

ರೇಷ್ಮೆ ಕೊಲಾಜೆನ್ನಿಗಿಂತ ನಿಧಾನ ಕರಗುತ್ತದೆ. ಭಾರ ಬೀಳುವ ಜಾಗಕ್ಕೆ ಅದು ಒಳ್ಳೆಯದು. ಆದರೆ ಜೀವಕೋಶ ಹಿಡಿದುಕೊಳ್ಳುವ ಕೊಕ್ಕೆಯಂಥ ಒಂದು ಅಮೈನೋ ಆಮ್ಲದ ಸಾಲು ನಮ್ಮ ಹಿಪ್ಪುನೇರಳೆ ರೇಷ್ಮೆಯಲ್ಲಿ ಇಲ್ಲ. ಕಾಡಿನ ಟಸ್ಸರ್ ರೇಷ್ಮೆಯಲ್ಲಿ ಇದೆ.

ಜೈನ ಬಸದಿ ಓಣಿ · ಬೆಳಿಗ್ಗೆ 11:15

ಕ್ಷಮಿಸಿ, ರೇಷ್ಮೆ ಅಹಿಂಸೆಯೇ? ಗೂಡಿನೊಳಗೆ ಹುಳು ಜೀವಂತ ಇರುವಾಗಲೇ ಕುದಿಸುತ್ತಾರೆ. ಒಂದು ಸೀರೆಗೆ ಸಾವಿರಾರು ಹುಳು. ನಮ್ಮ ಮನೆಯಲ್ಲಿ ಅಜ್ಜಿ ರೇಷ್ಮೆ ಉಡುವುದನ್ನೇ ಬಿಟ್ಟಿದ್ದರು. ದನಕ್ಕೆ ಇರುವ ಜೀವ ಹುಳುವಿಗೆ ಇಲ್ಲವಾ?

ಗೋಳಗುಮ್ಮಟದ ನೆರಳು · ಬೆಳಿಗ್ಗೆ 11:19

ಶುರು ಆಯ್ತು.

ಹುಕ್ಕೇರಿ ಹುಡುಗ · ಬೆಳಿಗ್ಗೆ 11:26

ಅವರು ಕೇಳಿದ್ದರಲ್ಲಿ ತಪ್ಪೇನಿದೆ? ಆದರೆ ಅಪ್ಪಾಜಿಯ ಅಭ್ಯಂತರ ಹಿಂಸೆಯದ್ದಲ್ಲ ಅನಿಸುತ್ತದೆ, ಮೈಲಿಗೆಯದ್ದು. ಎರಡೂ ಬೇರೆ. ರೇಷ್ಮೆ ಒಂದಕ್ಕೆ ಪಾಸು, ಇನ್ನೊಂದಕ್ಕೆ ಫೇಲು.

ತಾಜ್ ಬಾವಡಿ · ಮಧ್ಯಾಹ್ನ 12:40

ನಾವು ವಿಜಯಪುರದವರು, ನಮಗೆ ಉಲ್ಟಾ ಸಮಸ್ಯೆ. ಮಾಮಾನಿಗೆ ಹರ್ನಿಯಾ ಆಪರೇಶನ್ ಆದಾಗ ಎರಡು ಥರದ ಜಾಳಿಗೆ ತೋರಿಸಿದರು. ಒಂದು ಪ್ಲಾಸ್ಟಿಕ್ಕಿನದು, ಇನ್ನೊಂದು ಹಂದಿಯ ಕರುಳಿನ ಪದರದಿಂದ ಮಾಡಿದ್ದು. ಮಾಮಾ ಪ್ಲಾಸ್ಟಿಕ್ಕೇ ಸಾಕು ಅಂದರು. ಜೀವದ ಪ್ರಶ್ನೆ ಇದ್ದು ಬೇರೆ ದಾರಿಯೇ ಇಲ್ಲ ಅಂದರೆ ರಿಯಾಯಿತಿ ಇದೆ ಅಂತ ನಮ್ಮ ಮನೆಯ ಹಿರಿಯರು ಹೇಳುತ್ತಾರೆ. ಇಲ್ಲಿ ಬೇರೆ ದಾರಿ ಇತ್ತಲ್ಲ.

ಇನ್ನು ಕೊಲಾಜೆನ್ ಅಂದರೆ ಏನು ಅಂತ ನೋಡಬೇಕಿದ್ದರೆ ನಮ್ಮ ಮನೆಗೆ ಬನ್ನಿ. ರಾತ್ರಿ ಪಾಯಾ, ಅಂದರೆ ಕಾಲಿನ ಸೂಪು, ಮಾಡಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಗಡಗಡ ನಡುಗುವ ಗಡ್ಡೆ. ಪಾತ್ರೆ ಬೋರಲು ಹಾಕಿದರೂ ಬೀಳಲ್ಲ. ಅದೇ ಜೆಲಾಟಿನ್, ಕೊಲಾಜೆನ್ ಬೆಂದು ಬಿಚ್ಚಿಕೊಂಡದ್ದು.

ಎರಡನೇ ವರ್ಷದ ಪೀಜಿ · ಮಧ್ಯಾಹ್ನ 1:15

ಆ ಜೆಲಾಟಿನ್ನೇ ಮಾತ್ರೆಯ ಕ್ಯಾಪ್ಸೂಲಿನ ಹೊದಿಕೆ. ಸಾಮಾನ್ಯವಾಗಿ ಪ್ರಾಣಿ ಮೂಲದ್ದು. ಕ್ಯಾಟ್‌ಗಟ್ ಹೊಲಿಗೆ ದಾರ ಹೆಸರಿಗೆ ಬೆಕ್ಕು, ಮಾಡುವುದು ಕುರಿ, ದನದ ಕರುಳಿನಿಂದ. ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುವ ಹೆಪಾರಿನ್ ಚುಚ್ಚುಮದ್ದು ಹಂದಿಯ ಕರುಳಿನಿಂದ ಬರುತ್ತದೆ.

ಡ್ರೆಸ್ಸಿಂಗ್ ಅಕ್ಕ · ಮಧ್ಯಾಹ್ನ 1:18

ಡಾಕ್ಟರೇ, ಇದನ್ನೆಲ್ಲ ಅವರ ಅಪ್ಪಾಜಿ ಕಿವಿಗೆ ಹಾಕಬೇಡಿ. ನಾಳೆಯಿಂದ ಮಾತ್ರೆಯೂ ನುಂಗಲ್ಲ.

ಘಟಪ್ರಭಾ ದಂಡೆ · ಮಧ್ಯಾಹ್ನ 1:30

ತಡವಾಯಿತು ಅಕ್ಕಾ. ತಂಗಿ ಈ ಚರ್ಚೆಯನ್ನು ಮೊಬೈಲಿನಲ್ಲಿ ಓದಿ ಹೇಳುತ್ತಿದ್ದಾಳೆ, ಅಪ್ಪಾಜಿ ಮಂಚದ ಮೇಲೆ ಕೂತು ಕೇಳುತ್ತಿದ್ದಾರೆ. ಕ್ಯಾಪ್ಸೂಲ್ ಮಾತು ಬಂದಾಗ ಚೀಟಿ ತರಿಸಿ ಒಂದೊಂದೇ ನೋಡಿದರು. ಅಥಣಿಯವರು ಬರೆದದ್ದು ಕೇಳಿ ತಮ್ಮ ಚಪ್ಪಲಿ ಕಡೆ ಒಮ್ಮೆ ನೋಡಿ ಸುಮ್ಮನಾದರು.

ಫಿಟ್ನೆಸ್ ಗೋಕಾಕ · ಮಧ್ಯಾಹ್ನ 2:05

ಶೀಟು ಗೀಟು ಯಾಕೆ? ಕೊಲಾಜೆನ್ ಪೌಡರ್ ಬರುತ್ತದೆ, ದಿನಾ ಒಂದು ಚಮಚ ಹಾಲಿಗೆ ಹಾಕಿ ಕುಡಿಸಿ. ಒಳಗಿನಿಂದಲೇ ಮಾಯುತ್ತದೆ. ನಾನು ಮೂರು ತಿಂಗಳಿಂದ ಕುಡಿಯುತ್ತಿದ್ದೇನೆ, ಚರ್ಮ ಗ್ಲೋ.

ಲ್ಯಾಬ್ ಕೋಟು · ಮಧ್ಯಾಹ್ನ 2:20

ಕುಡಿದದ್ದು ಹೊಟ್ಟೆಯಲ್ಲಿ ಚೂರುಚೂರಾಗುತ್ತದೆ. ಅದು ಬೇಳೆಯಿಂದ ಬಂತಾ, ಪೌಡರಿನಿಂದ ಬಂತಾ ಅಂತ ಕಾಲಿನ ಗಾಯ ಕೇಳಲ್ಲ. ಹಂದರ ಬೇಕಿರುವುದು ಗಾಯದ ಜಾಗದಲ್ಲಿ. ಮನೆ ಕಟ್ಟಲು ಇಟ್ಟಿಗೆಯನ್ನು ಅರೆದು ಕುಡಿದ ಹಾಗಾಯಿತು ನಿಮ್ಮದು.

ಊಟದಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರುವುದು ಎರಡು. ಸಾಕಷ್ಟು ಪ್ರೋಟೀನು, ಮತ್ತೆ ವಿಟಮಿನ್ ಸಿ. ಕೊಲಾಜೆನ್ ಎಂದರೆ ಮೂರು ಎಳೆ ಹೊಸೆದ ಹಗ್ಗ. ಆ ಹೊಸೆತ ಬಿಗಿಯಾಗಿ ನಿಲ್ಲಬೇಕಾದರೆ ಸಿ ಬೇಕೇ ಬೇಕು. ಹಿಂದೆ ಹಡಗಿನ ನಾವಿಕರಿಗೆ ಸಿ ಸಿಗದೆ ಮಾಯ್ದ ಹಳೇ ಗಾಯಗಳೂ ಬಿಚ್ಚಿಕೊಳ್ಳುತ್ತಿದ್ದವು. ಇಂಡಿಯ ನಿಂಬೆ ಹಣ್ಣು ಪಕ್ಕದಲ್ಲೇ ಇದೆ, ಪೌಡರ್ ಡಬ್ಬಿ ಯಾಕೆ?

ಅಂದಹಾಗೆ ಆ ಮೂರೆಳೆ ಹಗ್ಗದ ರಚನೆ ಬಿಡಿಸಿದವರು ನಮ್ಮವರೇ. 1954ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್, ಗೋಪಿನಾಥ ಕರ್ತಾ. ರಾಮಚಂದ್ರನ್ ಓದಿದ್ದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಸಿ.ವಿ. ರಾಮನ್ ಕೈಕೆಳಗೆ.

ಫಿಟ್ನೆಸ್ ಗೋಕಾಕ · ಮಧ್ಯಾಹ್ನ 2:26

ನನ್ನ ಗ್ಲೋ ಸುಳ್ಳಾ ಹಾಗಾದರೆ?

ಲ್ಯಾಬ್ ಕೋಟು · ಮಧ್ಯಾಹ್ನ 2:28

ಕರದಂಟಿನದ್ದಿರಬಹುದು.

ಕುಂದಾ ಪ್ರಿಯ · ಮಧ್ಯಾಹ್ನ 2:35

ಕರದಂಟು ಅಂದರೆ ಅಮೀನಗಡದ್ದು. ಗೋಕಾಕದವರು ಜಗಳಕ್ಕೆ ಬರಲಿ.

ಫಿಟ್ನೆಸ್ ಗೋಕಾಕ · ಮಧ್ಯಾಹ್ನ 2:37

ಬಂದೆ.

ಡ್ರೆಸ್ಸಿಂಗ್ ಅಕ್ಕ · ಮಧ್ಯಾಹ್ನ 2:50

ಶುಗರ್‌ನವರ ಚರ್ಚೆಯಲ್ಲಿ ಸಿಹಿ ಜಗಳ ಬೇಡ. ಬೇರೆ ಕಡೆ ಮಾಡ್ಕೊಳ್ಳಿ.

ದಂಡೆ ತಮ್ಮಾ, ಶೀಟು ಹೇಗಿರುತ್ತದೆ ಅಂತ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಹಸಿ ಶೀಟಾದರೆ ಸ್ಪಿರಿಟ್ ಬೆರೆಸಿದ ನೀರಲ್ಲಿ ಪ್ಯಾಕ್ ಆಗಿ ಬರುತ್ತದೆ. ಒಡೆದ ತಕ್ಷಣ ಮೂಗಿಗೆ ಘಾಟು. ಸಲೈನಿನಲ್ಲಿ ಚೆನ್ನಾಗಿ ತೊಳೆಯಬೇಕು, ಇಲ್ಲದಿದ್ದರೆ ಗಾಯ ಉರಿಯುತ್ತದೆ. ಕೈಗೆ ತೆಗೆದುಕೊಂಡರೆ ಕಾಯಿಸಿ ಆರಿಸಿದ ಹಾಲಿನ ಕೆನೆ ಹಾಗೆ, ತೆಳ್ಳಗೆ, ಜಾರುತ್ತದೆ. ಗಾಯದ ಮೇಲೆ ಹಾಸಿ, ಕೆಳಗೆ ಗಾಳಿಯ ಗುಳ್ಳೆ ಉಳಿಯದ ಹಾಗೆ ಒದ್ದೆ ಗಾಜ್ ತುಂಡಿನಿಂದ ನಡುವಿನಿಂದ ಅಂಚಿಗೆ ಸವರಬೇಕು. ಕೆಳಗೆ ನೀರು ತುಂಬಿದರೆ ಅದು ಹಿಡಿಯಲ್ಲ. ಕೀವಿರುವ ಗಾಯಕ್ಕೆ, ಕಪ್ಪು ಸತ್ತ ಚರ್ಮದ ಮೇಲೆ ಹಾಕಿದರೆ ದುಡ್ಡು ದಂಡ. ಒಣ ಶೀಟು, ಪುಡಿ ಕೂಡ ಬರುತ್ತವೆ.

ಪ್ಯಾಕಿನ ಮೇಲೆ ಮೂಲ ಬರೆದಿರುತ್ತದೆ, ಓದಿ. ಬೋವೈನ್ ಅಂದರೆ ದನ ಎಮ್ಮೆ ಜಾತಿ, ಪೋರ್ಸೈನ್ ಅಂದರೆ ಹಂದಿ, ಫಿಶ್ ಅಥವಾ ಮರೀನ್ ಅಂದರೆ ಮೀನು.

ತಾಜ್ ಬಾವಡಿ · ಮಧ್ಯಾಹ್ನ 3:10

ಮೀನಿನ ಚರ್ಮವನ್ನೇ ನೇರ ಹಾಕುತ್ತಾರಲ್ಲ? ವಿಡಿಯೋ ನೋಡಿದ್ದೆ, ಕಾಲಿಗೆ ಮೀನಿನ ಹುರುಪೆಯ ಗುರುತಿನ ಪಟ್ಟಿ.

ಎರಡನೇ ವರ್ಷದ ಪೀಜಿ · ಸಂಜೆ 5:30

ಅದು ಬ್ರೆಜಿಲ್. ಫೋರ್ಟಲೆಜಾ ಊರಿನ ಡಾಕ್ಟರುಗಳು ಸುಟ್ಟಗಾಯಕ್ಕೆ ತಿಲಾಪಿಯಾ ಚರ್ಮ ಹಾಕುತ್ತಾರೆ. ಐಸ್‌ಲ್ಯಾಂಡಿನವರು ಕಾಡ್ ಮೀನಿನ ಚರ್ಮದಿಂದ ಜೀವಕೋಶ ತೆಗೆದು ಹಂದರ ಮಾತ್ರ ಉಳಿಸಿ ಮಾರುತ್ತಾರೆ. ಮಧುಮೇಹದ ಗಾಯಕ್ಕೂ ಬಳಕೆಯಲ್ಲಿದೆ. ನಮ್ಮ ದೇಶದಲ್ಲೂ ಇಂಥ ಕೆಲಸ ಆಗಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಹಂದಿಯ ಪಿತ್ತಕೋಶದಿಂದ ಹೀಗೇ ಜೀವಕೋಶ ತೊಳೆದು ತೆಗೆದು ಗಾಯಕ್ಕೆ ಹಚ್ಚುವ ಪೊರೆ ಮಾಡಿದ್ದಾರೆ. 2023ರಲ್ಲಿ ಅದಕ್ಕೆ ಕೇಂದ್ರದ ಔಷಧ ನಿಯಂತ್ರಕರ ಒಪ್ಪಿಗೆಯೂ ಬಂತು.

ಆದರೆ ದಂಡೆಯವರೇ, ನಿಮಗೆ ದನ, ಹಂದಿ, ಮೀನು ಮೂರೂ ಬೇಡದ ದಾರಿ ಒಂದಿದೆ. ಅಪ್ಪಾಜಿಯ ರಕ್ತ.

ಅವರದೇ ಕೈಯಿಂದ ಸುಮಾರು 10 ಮಿಲಿ ರಕ್ತ ತೆಗೆದು, ಹೆಪ್ಪುತಡೆ ಔಷಧಿ ಏನೂ ಬೆರೆಸದೆ ತಕ್ಷಣ ಯಂತ್ರದಲ್ಲಿ ಹತ್ತು ನಿಮಿಷ ತಿರುಗಿಸುತ್ತಾರೆ. ಕೆಳಗೆ ಕೆಂಪು ಕಣ ಕೂರುತ್ತದೆ, ಮೇಲೆ ತಿಳಿ, ನಡುವೆ ಹಳದಿ ಜೆಲ್ಲಿ. ಆ ಜೆಲ್ಲಿ ಫೈಬ್ರಿನ್. ಗಾಯ ಆದಾಗ ರಕ್ತ ಹೆಪ್ಪುಗಟ್ಟುವುದು ಈ ಪ್ರೋಟೀನಿನ ಬಲೆಯಿಂದಲೇ, ಅಂದರೆ ಗಾಯಕ್ಕೆ ದೇವರು ಮೊದಲು ಹಾಕುವ ಹಂದರವೇ ಇದು. ಪ್ಲೇಟ್ಲೆಟ್ ಎಂಬ ರಕ್ತದ ಸಣ್ಣ ಕಣಗಳು ಅದರೊಳಗೇ ಸಿಕ್ಕಿಕೊಂಡಿರುತ್ತವೆ, ಬೆಳವಣಿಗೆಗೆ ಬೇಕಾದ ಅಂಶಗಳನ್ನು ನಿಧಾನ ಬಿಡುತ್ತವೆ. ಜೆಲ್ಲಿಯನ್ನು ಗಾಜ್ ನಡುವೆ ಒತ್ತಿದರೆ ಪೊರೆಯಾಗುತ್ತದೆ. ಪಿಆರ್‌ಎಫ್ ಅನ್ನುತ್ತಾರೆ. ಫ್ರಾನ್ಸಿನವರು 2001ರಲ್ಲಿ ಹಲ್ಲಿನ ಆಪರೇಶನ್ನಿಗೆ ಶುರು ಮಾಡಿದ್ದು, ಈಗ ಕಾಲಿನ ಗಾಯಕ್ಕೂ ಹಾಕುತ್ತಾರೆ. ಚರ್ಮರೋಗದ ಡಾಕ್ಟರನ್ನು ಕೇಳಿ.

ಜೈನ ಬಸದಿ ಓಣಿ · ಸಂಜೆ 5:41

ಇದಕ್ಕೆ ನನ್ನದೂ ಒಪ್ಪಿಗೆ. ಯಾರಿಗೂ ನೋವಿಲ್ಲ, ಸೂಜಿ ಚುಚ್ಚಿಸಿಕೊಂಡವರಿಗೆ ಬಿಟ್ಟು.

ಡ್ರೆಸ್ಸಿಂಗ್ ಅಕ್ಕ · ಸಂಜೆ 6:00

ಎಲ್ಲ ಸರಿ. ಡಾಪ್ಲರ್ ಆಗಲಿ ಮೊದಲು. ಶುಗರ್‌ನವರ ರಕ್ತನಾಳ ಸುಣ್ಣಗಟ್ಟಿರುತ್ತದೆ, ಬರೀ ಬಿಪಿ ಪಟ್ಟಿ ಕಟ್ಟಿ ನೋಡಿದರೆ ರಕ್ತ ಚೆನ್ನಾಗಿದೆ ಅಂತ ಸುಳ್ಳು ತೋರಿಸಬಹುದು. ಕಾಲಿಗೆ ಭಾರ ಬೀಳದ ಹಾಗೆ ಪ್ಲಾಸ್ಟರ್ ಹಾಕುವವರಿದ್ದಾರೆ, ಮೊಣಕಾಲಿನ ಕೆಳಗಿನಿಂದ ಪಾದದವರೆಗೆ. ಅದನ್ನು ಕೇಳಿ.

ಇನ್ನೊಂದು. ವಾರಕ್ಕೊಮ್ಮೆ ಡ್ರೆಸ್ಸಿಂಗ್ ಬಿಚ್ಚಿದಾಗ, ತೊಳೆದ ಪ್ಲಾಸ್ಟಿಕ್ ಹಾಳೆ ಎರಡು ಪದರ ಮಾಡಿ ಗಾಯದ ಮೇಲೆ ಹಿಡಿದು ಸ್ಕೆಚ್ ಪೆನ್ನಿನಿಂದ ಅಂಚು ಬರೆದುಕೊಳ್ಳಿ. ಕೆಳಗಿನ ಪದರ ಎಸೆಯಿರಿ, ಮೇಲಿನದ್ದಕ್ಕೆ ತಾರೀಖು ಹಾಕಿ ಇಟ್ಟುಕೊಳ್ಳಿ. ಮಾಯುತ್ತಿದೆಯಾ ಇಲ್ಲವಾ ಅಂತ ಯಾರ ಮಾತೂ ಕೇಳಬೇಕಿಲ್ಲ.

ಬಾದಾಮಿ ಕಲ್ಲು · ರಾತ್ರಿ 8:15

ನಮ್ಮ ಕಡೆ ಎಕ್ಕದ ಹಾಲು, ಅರಿಶಿನ ಹಚ್ಚುತ್ತಾರೆ. ಅಪ್ಪನಿಗೆ ಅದರಲ್ಲೇ ಮಾಯಿತ್ತು.

ಡ್ರೆಸ್ಸಿಂಗ್ ಅಕ್ಕ · ರಾತ್ರಿ 8:17

ಎಕ್ಕದ ಹಾಲು ಚರ್ಮ ಸುಡುತ್ತದೆ. ಸ್ಪರ್ಶ ಇಲ್ಲದ ಕಾಲಿಗೆ ಸುಟ್ಟದ್ದೂ ಗೊತ್ತಾಗಲ್ಲ. ದಯವಿಟ್ಟು ಬೇಡ.

ಬಾದಾಮಿ ಕಲ್ಲು · ರಾತ್ರಿ 8:25

ಆಯ್ತು ಅಕ್ಕಾ. ಅಪ್ಪನಿಗೆ ಶುಗರ್ ಇರಲಿಲ್ಲ, ಅದೂ ನಿಜ.

ಘಟಪ್ರಭಾ ದಂಡೆ · ಏಳು ವಾರದ ನಂತರ, ಭಾನುವಾರ ಬೆಳಿಗ್ಗೆ 10:05

ಎಲ್ಲರೂ ಕೇಳುತ್ತಿದ್ದಿರಿ, ತಡವಾಗಿದ್ದಕ್ಕೆ ಕ್ಷಮಿಸಿ. ಬೇರೆ ಊರಿನ ಬೇರೆ ಡಾಕ್ಟರ ಹತ್ತಿರ ಹೋದೆವು. ಡಾಪ್ಲರ್ ಆಯಿತು, ರಕ್ತ ಬರುತ್ತಿದೆ. ದಡ್ಡು ಕೆತ್ತಿ ತೆಗೆದರು. ಅಪ್ಪಾಜಿಗೆ ನೋವೇ ಆಗಲಿಲ್ಲ, ನನಗೆ ತಲೆ ಸುತ್ತಿತು. ಭಾರ ಬೀಳದ ಪ್ಲಾಸ್ಟರ್ ಹಾಕಿದರು. ಇನ್ಸುಲಿನ್ ಶುರು ಮಾಡಿದರು.

ರಕ್ತದ ಪೊರೆಯ ವಿಷಯ ನಾನೇ ಕೇಳಿದೆ. ಡಾಕ್ಟರು "ಮಾಡೋಣ, ನೀವು ಎಲ್ಲಿ ಕೇಳಿದಿರಿ?" ಅಂದರು. ನಿಮ್ಮ ಬಗ್ಗೆ ಹೇಳಲಿಲ್ಲ. ಅಪ್ಪಾಜಿ "ನನ್ನ ರಕ್ತ, ನನ್ನ ಕಾಲು, ನಡುವೆ ಯಾರೂ ಇಲ್ಲ" ಅಂತ ತೋಳು ಚಾಚಿದರು. ವಾರಕ್ಕೊಮ್ಮೆ ಹಾಗೆ ಐದು ಸಲ ಹಾಕಿದರು. ಒಂದು ಸಲ ಪೊರೆ ನನಗೂ ತೋರಿಸಿದರು. ಹಪ್ಪಳದ ಹಿಟ್ಟು ತೆಳ್ಳಗೆ ಲಟ್ಟಿಸಿದ ಹಾಗೆ, ಒಂದು ತುದಿ ಮಾತ್ರ ನಸುಗೆಂಪು.

ಅಕ್ಕ ಹೇಳಿದ ಹಾಗೆ ಅವ್ವ ಪ್ಲಾಸ್ಟಿಕ್ ಹಾಳೆಯಲ್ಲಿ ಬರೆದಿಟ್ಟಿದ್ದಾಳೆ. ಲಗ್ನಪತ್ರಿಕೆಯ ಕವರ್ ಕತ್ತರಿಸಿ. ಏಳೂ ಹಾಳೆ ಕ್ಯಾಲೆಂಡರ್ ಪಕ್ಕ ಅಂಟಿಸಿದ್ದಾಳೆ. ಮೊದಲನೆಯದು ಅಂಗೈ ಕುಳಿಯಷ್ಟು, ನಿನ್ನೆಯದು ಕಡಲೆಬೇಳೆಯಷ್ಟು.

ಎರಡನೇ ವರ್ಷದ ಪೀಜಿ · ಬೆಳಿಗ್ಗೆ 10:20

ಬಹಳ ಖುಷಿ ಆಯಿತು ಸರ್!

ಗೋಳಗುಮ್ಮಟದ ನೆರಳು · ಬೆಳಿಗ್ಗೆ 10:24

ಪಿಆರ್‌ಎಫ್ ಪವಾಡ.

ಡ್ರೆಸ್ಸಿಂಗ್ ಅಕ್ಕ · ಬೆಳಿಗ್ಗೆ 10:40

ಪವಾಡ ಗಿವಾಡ ಇಲ್ಲ. ಅರ್ಧಕ್ಕಿಂತ ಜಾಸ್ತಿ ಪುಣ್ಯ ಪ್ಲಾಸ್ಟರಿಗೆ. ಕಾಲು ಊರುವುದು ನಿಂತಿತು, ದಡ್ಡು ಹೋಯಿತು, ಶುಗರ್ ಇಳಿಯಿತು. ಪೊರೆ ಸಹಾಯ ಮಾಡಿರಬಹುದು, ಬೇಡ ಅನ್ನಲ್ಲ. ಇನ್ನು ಮಾಯ್ದ ಚರ್ಮ ಮೊದಲಿನಷ್ಟು ಗಟ್ಟಿ ಆಗುವುದೇ ಇಲ್ಲ ತಮ್ಮಾ, ಎಷ್ಟು ವರ್ಷ ಹೋದರೂ ನೂರಕ್ಕೆ ಎಂಬತ್ತರಷ್ಟು ಅಂತ ಇಟ್ಟುಕೊ. ಅದೇ ಜಾಗದಲ್ಲಿ ಮತ್ತೆ ಒಡೆಯುತ್ತದೆ. ಪಾದದ ಅಳತೆ ಕೊಟ್ಟು ಮೆತ್ತನೆ ಒಳಪದರದ ಬೂಟು ಮಾಡಿಸು.

ಅಥಣಿ ಅಟ್ಟೆ · ಬೆಳಿಗ್ಗೆ 10:52

ಅಳತೆ, ಡಾಕ್ಟರ ಚೀಟಿ ಕಳಿಸಿ. ಮೇಲ್ಭಾಗ ನಾನು ಹೊಲಿಯುತ್ತೇನೆ, ಒಳಗೆ ಹಾಕುವ ಮೆತ್ತೆ ಅವರು ಹೇಳಿದ್ದೇ ಹಾಕೋಣ. ತೊಗಲು ಬೇಡ ಅಂದರೆ ಕ್ಯಾನ್ವಾಸ್‌ನಲ್ಲಿ ಮಾಡುತ್ತೇನೆ.

ಘಟಪ್ರಭಾ ದಂಡೆ · ಬೆಳಿಗ್ಗೆ 11:03

ಕಾಕಾ, ಕೇಳಿದೆ. ತೊಗಲಿನದ್ದೇ ಇರಲಿ, ಕಾಲಿನ ಹೊರಗೆ ತಾನೇ ಇರೋದು ಅಂದರು. ಇನ್ನೊಂದು ಕೇಳುತ್ತಿದ್ದಾರೆ, ಆ ಬೂಟು ಹಾಕಿಕೊಂಡು ಬರುವ ಯುಗಾದಿಗೆ ಶ್ರೀಶೈಲಕ್ಕೆ ನಡೆಯಬಹುದಾ ಅಂತ.

ಡ್ರೆಸ್ಸಿಂಗ್ ಅಕ್ಕ · ಬೆಳಿಗ್ಗೆ 11:04

ಬಸ್ಸಿದೆ.